ಬಯಲಲ್ಲಿ ಮದುವೆ ಮಾಡಿ, ಬಯಲೊಳಗೆ ಹಾಲ್ ಕಟ್ಟಬೇಡಿ

ಮುಂಬಯಿಯ ಕನ್ನಡ ಬಂಧುಗಳೇ,

ತುಳಸಿ ಪೂಜೆ ಮುಗಿಯಿತೆಂದರೆ ನಮ್ಮ ಮನೆಗಳಲ್ಲಿ ಮದುವೆಯ ಕಾಗದ ಹಂಚುವ ಕಾಲ. ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಹೆಗಲಿಗೆ ಚೀಲ ಹಾಕಿಕೊಂಡು ಹೊರಟರೆ ನಾಲಾಸೋಪಾರಾ, ಮೀರಾರೋಡ್, ದಹಿಸರ್, ಸಾಂತಾಕ್ರೂಜ್ ಎಂದು ಇಳಿದು ಹತ್ತಿ, ದಾದರಿನಲ್ಲಿ ಸೇತುವೆ ದಾಟಿ ಡೊಂಬಿವಲಿ ಮುಟ್ಟುವಾಗ ರಾತ್ರಿ. ಈಚಿನ ಕಾಗದಗಳಲ್ಲಿ ಒಂದು ಬದಲಾವಣೆ ಕಾಣುತ್ತಿದೆ. 'ಸಭಾಗೃಹ' ಎಂದು ಇರುತ್ತಿದ್ದ ಜಾಗದಲ್ಲಿ 'ಲಾನ್ಸ್', 'ಗಾರ್ಡನ್', 'ರಿಸಾರ್ಟ್' ಬಂದಿವೆ. ಮಕ್ಕಳಿಗೆ ಹಾಲ್ ಬೇಡವಾಗಿದೆ. ಟ್ಯೂಬ್‌ಲೈಟ್ ಕೆಳಗೆ, ಕೆಂಪು ವೆಲ್ವೆಟ್ ಕುರ್ಚಿಯಲ್ಲಿ ಕೂತು, ಎರಡು ಗಂಟೆ ಕೈಕುಲುಕಿ ಫೋಟೊ ತೆಗೆಸಿಕೊಳ್ಳುವ ಮದುವೆ ಅವರಿಗೆ ಸಾಕಾಗಿದೆ. ಮರ ಬೇಕು, ಗಾಳಿ ಬೇಕು, ಆಕಾಶ ಬೇಕು ಅನ್ನುತ್ತಾರೆ. ಅಪ್ಪ ಅಮ್ಮನಿಗೆ ಎದೆ ಧಸಕ್ಕೆನ್ನುತ್ತದೆ, ಬಯಲು ಮದುವೆಯೆಂದರೆ ಸಿನಿಮಾದವರ ಖರ್ಚು ಎಂಬುದು ಅವರ ಲೆಕ್ಕ.

ನಾನು ಮಕ್ಕಳ ಪಕ್ಷ. ನಮ್ಮ ಅಜ್ಜ ಅಜ್ಜಿಯರ ಮದುವೆಗಳೆಲ್ಲ ಅಂಗಳದಲ್ಲೇ ಆದವು, ಮಡಲಿನ ಚಪ್ಪರದ ಕೆಳಗೆ. ಅವರಲ್ಲಿ ಯಾರೂ ಶ್ರೀಮಂತರಾಗಿರಲಿಲ್ಲ. ಬಯಲು ದುಬಾರಿ ಅಲ್ಲ. ಬಯಲೊಳಗೆ ನಾವು ಕಟ್ಟಿಸುವ ಹಾಲ್ ದುಬಾರಿ.

ನಂಬಿಕೆ ಬಾರದಿದ್ದರೆ ಡೆಕೊರೇಟರ್ ಕಳಿಸುವ ಕೊಟೇಶನ್ನನ್ನು ಒಂದು ಸಲ ಸಾಲು ಬಿಡದೆ ಓದಿ. ನಾಲ್ಕೂ ಕಡೆ ಬಟ್ಟೆಯ ಗೋಡೆ. ಮೇಲೆ ನೆರಿಗೆ ಹೊಡೆದ ಬಟ್ಟೆಯ ಸೀಲಿಂಗ್, ಅದನ್ನು ಹೊರಲು ಕಬ್ಬಿಣದ ಟ್ರಸ್. ಹುಲ್ಲಿನ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ ಹಸಿರು ಕಾರ್ಪೆಟ್. ಹೌದು, ಹುಲ್ಲು ಮುಚ್ಚಿ ಹುಲ್ಲಿನ ಬಣ್ಣದ ಕಾರ್ಪೆಟ್. ನಾಲ್ಕು ಅಡಿ ಎತ್ತರದ ಸ್ಟೇಜ್, ಅದರ ಹಿಂದೆ ಎಲ್‌ಇಡಿ ಗೋಡೆ. ಗೋಡೆಯಿಂದಾಗಿ ಗಾಳಿ ಬರುವುದಿಲ್ಲವಾದ್ದರಿಂದ ಕೂಲರುಗಳು. ಇಷ್ಟನ್ನೂ ಓಡಿಸಲು ಜನರೇಟರ್, ಜನರೇಟರಿನ ಸದ್ದು ಮುಚ್ಚಲು ಇನ್ನೆರಡು ಸ್ಪೀಕರ್. ಆಕಾಶ ಬೇಕೆಂದು ಬಯಲಿಗೆ ಹೋದವರು ಅಲ್ಲಿ ಮೊದಲು ಮಾಡುವ ಕೆಲಸ ಆಕಾಶ ಮುಚ್ಚುವುದು. ಆ ಸಾಲುಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ ಉಳಿದದ್ದನ್ನು ಕೂಡಿಸಿ ನೋಡಿ. ಉಳಿಯುವುದು ಒಂದು ಪುಟ್ಟ ಮಂಟಪ, ಕುರ್ಚಿ, ಊಟದ ಮೇಜು, ಒಂದಷ್ಟು ದೀಪ.

ಅಷ್ಟರಲ್ಲೇ ಮದುವೆ ಚೆಂದವಾಗುತ್ತದೆಯೇ ಎಂದು ಕೇಳುವವರು ನಮ್ಮ ಊರಿನಲ್ಲೇ, ಚರ್ನಿ ರೋಡಿನ ಆಲ್ಬ್ಲೆಸ್ ಬಾಗಿಗೋ ಕೊಲಾಬಾದ ಅಗಿಯಾರಿಯ ಅಂಗಳಕ್ಕೋ ಪಾರ್ಸಿ ಲಗ್ನಕ್ಕೆ ಹೋಗಿ ಬಂದವರನ್ನು ವಿಚಾರಿಸಬೇಕು. ಸೂರ್ಯ ಮುಳುಗಿದ ಮೇಲೆ ತೆರೆದ ಅಂಗಳದಲ್ಲಿ ಲಗ್ನ. ಹೂವಿನ ಅಲಂಕಾರದ ಚಿಕ್ಕ ವೇದಿಕೆ, ಎರಡು ಕುರ್ಚಿ, ಬಿಳಿ ಉಡುಪಿನ ಪುರೋಹಿತ ದಸ್ತೂರರು. ತಲೆಯ ಮೇಲೆ ಸರ ಬಲ್ಬು, ಅದರಾಚೆ ಬರೇ ಆಕಾಶ. ಆಮೇಲೆ 'ಜಮ್ವಾ ಚಾಲೋಜಿ' ಎಂದು ಕೂಗಿ ಊಟಕ್ಕೆ ಕರೆಯುತ್ತಾರೆ, ಉದ್ದನೆ ಮೇಜಿನಲ್ಲಿ ಬಾಳೆಲೆ ಹಾಸಿ ಪಂಕ್ತಿಯಲ್ಲಿ ಬಡಿಸುತ್ತಾರೆ. ಪಾರ್ಸಿ ಊಟದ ಖರ್ಚು ಸಣ್ಣದಲ್ಲ, ಅದನ್ನು ಅನುಸರಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಂಗಳವನ್ನು ಅಂಗಳವಾಗಿ ಬಿಡುವ ಧೈರ್ಯ ಅವರಿಗಿದೆ. ಮುಂಬಯಿಯ ಅತಿ ಸೊಗಸಾದ ಮದುವೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಬೆರಳು ತೋರಿಸುವುದು ಆ ಕಡೆಗೇ.

ಇನ್ನು ಜಾಗ. ಮಢ್, ಗೊರಾಯಿ, ಉತ್ತನ್, ಕರ್ಜತ್ ಎಂದು ದೂರ ಹೋದಷ್ಟೂ ಬಾಡಿಗೆ ಇಳಿದಂತೆ ಕಾಣುತ್ತದೆ. ಆದರೆ ಅಲ್ಲಿಗೆ ಜನ ಸಾಗಿಸುವ ಬಸ್ಸು, ರಾತ್ರಿ ತಂಗುವ ಕೋಣೆ, ಬೆಳಗಿನ ತಿಂಡಿ ಸೇರಿಸಿದರೆ ದಾದರಿನ ಹಾಲೇ ಅಗ್ಗ. ಠಾಣೆಯ ಯೇವೂರಿನ ಬಂಗಲೆಗಳ ಮೇಲೆ ಈಚೆಗೆ ಹಲವರ ಕಣ್ಣಿದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು, ಚಿರತೆ ಓಡಾಡುವ ಕಾಡು, ಆದಿವಾಸಿ ಪಾಡಾಗಳಿರುವ ಬೆಟ್ಟ. ನಮ್ಮ ಒಂದು ರಾತ್ರಿಯ ಡಿಜೆಗೆ ಅಲ್ಲಿ ಜಾಗವಿಲ್ಲ. ಮಕ್ಕಳು ಆಡುವ ಸಾರ್ವಜನಿಕ ಮೈದಾನವೂ ಬೇಡ. ಮಂಟಪದವರು ಗೂಟ ಕಿತ್ತು ಹೋದ ಮೇಲೆ ಉಳಿಯುವ ಗುಂಡಿಗಳಲ್ಲಿ ಕಾಲು ಉಳುಕಿಸಿಕೊಳ್ಳುವವರು ಮಾರನೆ ದಿನ ಕ್ರಿಕೆಟ್ ಆಡಲು ಬರುವ ಹುಡುಗರು. ಶಿವಾಜಿ ಪಾರ್ಕಿನ ಸುತ್ತಲಿನವರು ಸದ್ದು ತಾಳಲಾರದೆ ಹೈಕೋರ್ಟಿಗೆ ಹೋಗಿ, 2010ರಲ್ಲಿ ಅದು ನಿಶ್ಶಬ್ದ ವಲಯವಾದದ್ದು ನೆನಪಿರಬೇಕು.

ನಮ್ಮದೇ ಬಯಲು ಇದೆ. ಸೊಸೈಟಿಯ ಕಾಂಪೌಂಡ್ ಇದೆ, ಟೆರೇಸ್ ಇದೆ. ಮಹಾರಾಷ್ಟ್ರದ ಗೃಹನಿರ್ಮಾಣ ಸಹಕಾರ ಸಂಘಗಳ ಮಾದರಿ ಉಪವಿಧಿಗಳಲ್ಲೇ ಸದಸ್ಯರೊಬ್ಬರು ಅರ್ಜಿ ಕೊಟ್ಟರೆ ತೆರೆದ ಜಾಗವನ್ನೋ ಟೆರೇಸನ್ನೋ ಸಮಾರಂಭಕ್ಕೆ ತಾತ್ಕಾಲಿಕವಾಗಿ ಕೊಡಲು ಅವಕಾಶವಿದೆ. ಮಹಾಸಭೆ ನಿಗದಿ ಮಾಡಿದ ಶುಲ್ಕ ಕಟ್ಟಬೇಕು, ಅಷ್ಟೆ. ಬಹಳ ಕಡೆ ಇದು ತಿಳಿದೇ ಇಲ್ಲ. ಸೆಕ್ರೆಟರಿ 'ಆಗೋದಿಲ್ಲ' ಅಂದರೆ ಆಗೋದಿಲ್ಲ ಅಂತಲೇ ಜನ ಸುಮ್ಮನಾಗುತ್ತಾರೆ. ಮುಂಬಯಿಯ ಚಾಳುಗಳಲ್ಲಿ ಒಂದು ಕಾಲಕ್ಕೆ ಎಷ್ಟು ಮದುವೆಗಳು ನಡುವಿನ ಅಂಗಳದಲ್ಲೇ ನಡೆದವು ಎಂಬುದನ್ನು ಹಿರಿಯರು ಬಲ್ಲರು. ಮೂರೂ ಮಾಳಿಗೆಯ ಗ್ಯಾಲರಿಯಿಂದ ನೆರೆಯವರು ಅಕ್ಷತೆ ಎಸೆಯುತ್ತಿದ್ದರು. ಬಿಲ್ಡಿಂಗಿನ ಒಬ್ಬರ ಮನೆ ವರನ ಕಡೆಯವರಿಗೆ, ಇನ್ನೊಬ್ಬರ ಮನೆ ಅಡಿಗೆಯ ಸಾಮಾನಿಗೆ. ಟೆರೇಸ್ ಬಳಸುವವರಿಗೆ ಒಂದು ಎಚ್ಚರಿಕೆ: ಮೆಟ್ಟಿಲಿಗೆ ಅಡ್ಡವಾಗಿ ಏನನ್ನೂ ಇಡಬೇಡಿ, ಮೇಲೆ ಗ್ಯಾಸ್ ಒಲೆ ಹಚ್ಚಬೇಡಿ, ಊಟ ಕೆಳಗೇ ಇರಲಿ.

ಹೊತ್ತನ್ನು ಸರಿಯಾಗಿ ಆರಿಸಿಕೊಂಡರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ. ನಮ್ಮ ಕರಾವಳಿಯವರಿಗೆ ಮಟಮಟ ಮಧ್ಯಾಹ್ನದ ಅಭಿಜಿನ್ ಮುಹೂರ್ತದ ಮೇಲೆ ಮೋಹ. ಬಯಲಿನಲ್ಲಿ ಆ ಹೊತ್ತಿಗೆ ಶಾಮಿಯಾನ ಇಲ್ಲದೆ ನಿಲ್ಲಲಾಗದು. ಜೋಯಿಸರನ್ನು ಗೋಧೂಳಿ ಲಗ್ನಕ್ಕೆ ಕೇಳಿ. ಧರ್ಮಸ್ಥಳದಲ್ಲಿ 1972ರಿಂದ ನಡೆದು ಬಂದ ಸಾಮೂಹಿಕ ವಿವಾಹದಲ್ಲಿ ಸಾವಿರಾರು ಜೋಡಿಗಳಿಗೆ ಸಂಜೆಯ ಗೋಧೂಳಿಯೇ ಒದಗಿದೆ. ಅವರಿಗೆ ಶುಭವಾದದ್ದು ನಿಮಗೂ ಆದೀತು. ಮುಂಬಯಿಯಲ್ಲಿ ಮಳೆ ಜೂನ್ ಎರಡನೆಯ ವಾರ ಕಾಲಿಟ್ಟು ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಹೋಗುತ್ತದೆ. ಅಕ್ಟೋಬರಿನ ಸೆಕೆಯೂ ಮೇ ತಿಂಗಳ ಬೆವರೂ ಬಯಲಿಗೆ ಹೇಳಿದ್ದಲ್ಲ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಸಂಜೆಗಳು ನಮಗೆ ದೇವರು ಕೊಟ್ಟದ್ದು, ಚಳಿಗಾಲದ ಧೂಳು ಹೊಗೆ ಹೆಚ್ಚಿರುವ ದಿನಗಳನ್ನು ಬಿಟ್ಟರೆ. ಆದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ ಎಂದು ನಾವು ಮದುವೆ ಮಾಡುವುದಿಲ್ಲ, ಒಳ್ಳೆ ಹವೆಯ ಒಂದು ತಿಂಗಳು ಸುಮ್ಮನೆ ಹೋಗುತ್ತದೆ. ಮುಹೂರ್ತದ ಹಂಗಿಲ್ಲದವರು, ಮಂತ್ರಮಾಂಗಲ್ಯದವರು, ರಿಜಿಸ್ಟರ್ ಮದುವೆಯವರು ಆ ತಿಂಗಳನ್ನು ಹಿಡಿಯಬಹುದು. ಅಂದಹಾಗೆ, 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಹೆಚ್ಚಿನ ಶುಲ್ಕ ಕಟ್ಟಿದರೆ ಕಚೇರಿಯ ಹೊರಗೆ, ಹತ್ತಿರದ ನಿಮ್ಮಿಷ್ಟದ ಜಾಗದಲ್ಲೇ ವಿವಾಹಾಧಿಕಾರಿಯ ಎದುರು ಮದುವೆಯಾಗಲು ದಾರಿಯಿದೆ. ಮೂವತ್ತು ದಿನ ಮೊದಲೇ ನೋಟಿಸ್ ಕೊಡಬೇಕು, ಮೂವರು ಸಾಕ್ಷಿಗಳು ಬೇಕು. ಮಾವಿನಮರದ ಕೆಳಗೆ ಸಹಿ ಹಾಕಲು ಕಾನೂನಿನ ಅಡ್ಡಿಯಿಲ್ಲ.

ಭಾನುವಾರ ಹಗಲು ಮದುವೆ ಇಡುವವರು ಪಂಚಾಂಗದ ಜೊತೆಗೆ ರೈಲ್ವೆಯ ಮೆಗಾ ಬ್ಲಾಕ್ ಪಟ್ಟಿಯನ್ನೂ ನೋಡುವುದು ಒಳ್ಳೆಯದು. ರಾಹುಕಾಲಕ್ಕಿಂತ ಅದು ಹೆಚ್ಚು ಜನರನ್ನು ತಡೆದದ್ದು ನಾನೇ ಕಂಡಿದ್ದೇನೆ.

ಈಗ ಎಲ್ಲರೂ ಮುಖ ಸಿಂಡರಿಸುವ ಮಾತಿಗೆ ಬರುತ್ತೇನೆ: ಜನ. ಎಲೆಯೊಂದಕ್ಕೆ 600 ರೂಪಾಯಿ ಎಂದು ಇಟ್ಟುಕೊಳ್ಳೋಣ. 800 ಮಂದಿಗೆ 4,80,000. 250 ಮಂದಿಗೆ 1,50,000. ಆ 250 ಮಂದಿಗೆ ಎಲೆಗೆ 900ರ ಊಟ ಹಾಕಿದರೂ 2,25,000, ಮೊದಲಿನದರ ಅರ್ಧಕ್ಕೂ ಕಡಿಮೆ. ಹೂವು, ದೀಪ, ಪಂಚೆ ಎಲ್ಲೆಲ್ಲಿ ಉಳಿಸಿದರೂ ಇಷ್ಟು ಉಳಿಯುವುದಿಲ್ಲ. ಎಂಟುನೂರು ಜನ ಬಂದರೆ ಬಯಲು ಜಾತ್ರೆಯಾಗುತ್ತದೆ, ಆಗ ಸ್ಟೇಜೂ ಬೇಕು, ಪರದೆಯೂ ಬೇಕು, ಮೈಕೂ ಬೇಕು. ಇನ್ನೂರೈವತ್ತು ಜನರಿಗೆ ವಧೂವರರ ಮುಖ ಬರಿಗಣ್ಣಿಗೇ ಕಾಣುತ್ತದೆ.

'ಸಂಘದವರು, ಹೋಟೆಲಿನವರು, ಊರಿನವರು, ಯಾರನ್ನು ಬಿಡುವುದು' ಎಂದು ಕೇಳುತ್ತೀರಿ. ಸಾಂತಾಕ್ರೂಜಿನ ಬಿಲ್ಲವ ಭವನದಲ್ಲಿ ನಾವು ಕೈಮುಗಿಯುವ ಬ್ರಹ್ಮಶ್ರೀ ನಾರಾಯಣ ಗುರುಗಳು ಮದುವೆಗೆ ಹತ್ತು ಜನ ಸಾಕು ಎಂದಿದ್ದರು. ವಧೂವರರು, ಅವರ ತಂದೆತಾಯಿ, ಪುರೋಹಿತ, ಊರಿನ ಒಬ್ಬ ಹಿರಿಯ, ಹೀಗೆ. ಗುರುಗಳ ಜಯಂತಿಗೆ ಜನ ಕಿಕ್ಕಿರಿಯುತ್ತಾರೆ, ಅವರ ಈ ಮಾತಿಗೆ ಮಾತ್ರ ಯಾರೂ ಬರುವುದಿಲ್ಲ. ಕುವೆಂಪು ಮಂತ್ರಮಾಂಗಲ್ಯ ಬರೆದು ಮಗ ತೇಜಸ್ವಿಯ ಮದುವೆಯನ್ನು 1966ರಲ್ಲಿ ಆಡಂಬರವಿಲ್ಲದೆ ಮಾಡಿಸಿದರು. ಅಷ್ಟು ಹಿಂದೆ ಯಾಕೆ ಹೋಗಬೇಕು? 2021ರ ಏಪ್ರಿಲಿನಲ್ಲಿ ಮಹಾರಾಷ್ಟ್ರ ಸರಕಾರ ಕೊರೊನಾ ಕಾರಣಕ್ಕೆ ಮದುವೆಯೆಂದರೆ 25 ಜನ, ಎರಡು ಗಂಟೆ ಎಂದು ಕಟ್ಟುಮಾಡಿತ್ತು. ಆ ಸಂಕಟದ ದಿನಗಳು ಮತ್ತೆ ಬರುವುದು ಬೇಡ. ಆದರೆ ಆಗ ಮದುವೆಯಾದವರ ಮದುವೆಯೂ ಮದುವೆಯೇ, ಅವರ ಮಕ್ಕಳು ಈಗ ಶಾಲೆಗೆ ಹೊರಟು ನಿಂತಿದ್ದಾರೆ. ಊರಿನಲ್ಲಿ ಮದುವೆ, ಮುಂಬಯಿಯಲ್ಲಿ ರಿಸೆಪ್ಶನ್, ನಡುವೆ ಮೆಹಂದಿಯ ರಾತ್ರಿ ಎಂದು ಒಂದೇ ಜೋಡಿಗೆ ಮೂರು ಸಲ ಅಡಿಗೆ ಮಾಡಿಸುವ ಪದ್ಧತಿಯನ್ನಾದರೂ ಮೊದಲು ಬಿಡೋಣ. ಮೆಹಂದಿಯ ಬಗ್ಗೆ ಹೆಚ್ಚು ಹೇಳಿದರೆ ನನಗೆ ಕಾಗದವೇ ಬಾರದು.

ಅಲಂಕಾರಕ್ಕೆ ಬಂದರೆ ನಮ್ಮಷ್ಟು ಅದೃಷ್ಟವಂತರು ಈ ಶಹರದಲ್ಲಿ ಇಲ್ಲ. ಶಂಕರಪುರದ ಮಲ್ಲಿಗೆ ಮುಂಬಯಿಗೂ ಬರುತ್ತದೆ. ಎಂಟುನೂರು ಮೊಗ್ಗು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆಯ ಋತುವಿನಲ್ಲಿ ಅಟ್ಟೆಯ ದರ ಹೆದರಿಸುತ್ತದೆ, ನಿಜ. ಹಾಗಾಗಿ ಮಲ್ಲಿಗೆ ಮುಡಿಗೂ ಹಾರಕ್ಕೂ ಇರಲಿ, ಕಂಬಕ್ಕೆ ಬೇಡ. ಕಂಬಕ್ಕೆ ದಾದರಿನ ಹೂವಿನ ಮಾರ್ಕೆಟ್ಟಿನ ಗೊಂಡೆ, ಮಾವಿನೆಲೆ, ಬಾಳೆಯ ದಿಂಡು ಧಾರಾಳ ಸಾಕು. ಬೆಳಕು ಹರಿಯುವ ಮುನ್ನ ಇಬ್ಬರು ಅಣ್ಣತಮ್ಮಂದಿರು ಮೊದಲ ಲೋಕಲ್ ಹಿಡಿದು ಹೋಗಲಿ, ಟೆಂಪೊ ತುಂಬ ಹೂವು ಬರುತ್ತದೆ.

ಇನ್ನೊಂದು ನಮ್ಮದೇ ಕೈಕಸುಬಿದೆ: ತೆಂಗಿನ ಸಿರಿ. ಎಳೆಯ ಗರಿಯನ್ನು ಬಿಡಿಸಿ, ಕತ್ತಿಯ ತುದಿಯಿಂದ ಸೀಳಿ, ಮಡಚಿ, ಗಿಳಿ, ಚಕ್ರ, ಮಾಲೆ ಮಾಡುವ ಆ ವಿದ್ಯೆಯನ್ನು ಭೂತಕೋಲದ ಮಂಟಪಗಳಲ್ಲಿ ನೋಡಿದ್ದೀರಿ. ಹಸಿ ಬೆಣ್ಣೆಯ ಬಣ್ಣದ ಆ ಸಿರಿಯ ಎಳೆಗಳು ಸಂಜೆಯ ಗಾಳಿಗೆ ಅಲ್ಲಾಡುತ್ತಿದ್ದರೆ ಅದರ ಮುಂದೆ ಯಾವ ಥರ್ಮಾಕೋಲ್ ನವಿಲು? ಅಲ್ಲದೆ ಥರ್ಮಾಕೋಲಿನ ತಟ್ಟೆ ಲೋಟ ಅಲಂಕಾರಗಳು ಮಹಾರಾಷ್ಟ್ರದಲ್ಲಿ 2018ರ ಮಾರ್ಚಿನಿಂದಲೇ ನಿಷಿದ್ಧ. ನಮ್ಮವರಲ್ಲಿ ಈ ಕೆಲಸ ಬಲ್ಲವರು ವಸಯಿಯಿಂದ ಪನ್ವೇಲಿನವರೆಗೆ ಇದ್ದಾರೆ, ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ, ಯಕ್ಷಗಾನ ಮಂಡಳಿಗಳಲ್ಲಿ. ಅವರನ್ನು ಹುಡುಕಿ ಗೌರವದ ಸಂಭಾವನೆ ಕೊಡಿ. ಪ್ಲಾಸ್ಟಿಕ್ ಹೂವಿನ ಬಾಡಿಗೆಗಿಂತ ಅದು ಎಲ್ಲ ರೀತಿಯಲ್ಲೂ ಮೇಲು.

ವರನ ಕಡೆಗೆ ತಿರುಗುತ್ತೇನೆ. ಮದುಮಗಳ ಸೀರೆಯ ಬಗ್ಗೆ ಹತ್ತು ಜನ ಹೇಳುವವರಿದ್ದಾರೆ, ಮದುಮಗನಿಗೆ ಹೇಳುವವರು ಶೇರ್ವಾನಿಯ ಅಂಗಡಿಯವರು ಮಾತ್ರ.

ಮುಲುಂಡಿನ ಒಂದು ಲಾನಿನಲ್ಲಿ ಮೇ ತಿಂಗಳ ಸಂಜೆ ನೋಡಿದ ವರ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ. ಮರೂನ್ ವೆಲ್ವೆಟ್ಟಿನ ಶೇರ್ವಾನಿ, ಎದೆಯ ಮೇಲೆ ಒಂದು ಸೇರು ಜರ್ದೋಸಿ, ತಲೆಗೆ ಪಿನ್ನು ಚುಚ್ಚಿ ನಿಲ್ಲಿಸಿದ ಸಾಫಾ. ಬಾಡಿಗೆಯದು. ಕಾಲರಿನ ಒಳಮಗ್ಗುಲಲ್ಲಿ ಹಿಂದಿನ ವರನ ಪೌಡರಿನ ಗುರುತು ಹಾಗೇ ಇತ್ತು. ಹುಡುಗ ಎರಡು ನಿಮಿಷಕ್ಕೊಮ್ಮೆ ಹೆಬ್ಬೆರಳನ್ನು ಕಾಲರಿಗೆ ಹಾಕಿ ಕುತ್ತಿಗೆ ಸಡಿಲಿಸಿಕೊಳ್ಳುತ್ತಿದ್ದ. ಚಿಕ್ಕಪ್ಪನ ಮಗನೊಬ್ಬ ಬ್ಯಾಟರಿ ಫ್ಯಾನ್ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದ, ಫೋಟೊ ತೆಗೆಯುವಾಗ ಮಾತ್ರ ಬಗ್ಗುತ್ತಿದ್ದ. ಮುತ್ತು ಕೂರಿಸಿದ ಮೊಜಡಿ ಹುಲ್ಲಿನಲ್ಲಿ ಜಾರಿ, ವರ ಹೆಜ್ಜೆ ಹೆಜ್ಜೆಗೂ ನೆಲ ನೋಡುತ್ತಾ ನಡೆದ. ಮದುಮಗಳ ಮುಖ ನೋಡಲು ಅವನಿಗೆ ಪುರುಸೊತ್ತು ಸಿಕ್ಕಿದ್ದನ್ನು ನಾನಂತೂ ಕಾಣಲಿಲ್ಲ.

ಶೇರ್ವಾನಿಯ ಮೇಲೆ ನನಗೆ ಹಗೆಯಿಲ್ಲ. ಲಖ್ನೋದ ಜನವರಿಯಲ್ಲಿ ಅದಕ್ಕೆ ಅದರದೇ ಘನತೆ. ಸಮುದ್ರದ ಪಕ್ಕದ ಈ ಊರಿನ ತೇವಕ್ಕೆ, ಬಯಲಿಗೆ, ನಮಗೆ ಪಂಚೆಯೇ ಸರಿ. ಒಳ್ಳೆ ಹತ್ತಿಯ ಅಥವಾ ರೇಷ್ಮೆಯ ಅಂಚಿನ ಎಂಟು ಮೊಳದ ಪಂಚೆ, ಮೇಲೊಂದು ಶಲ್ಯ, ತೆಳು ರೇಷ್ಮೆಯದೋ ಹತ್ತಿಯದೋ ಜುಬ್ಬ, ಇಷ್ಟಾದರೆ ಬಯಲಿನ ದೀಪದ ಬೆಳಕಿನಲ್ಲಿ ವರ ತಾನಾಗಿ ಎದ್ದು ಕಾಣುತ್ತಾನೆ. ಕೆನೆ ಬಣ್ಣ ಹಸಿರಿನ ಎದುರು ಬಿಡಿಯಾಗಿ ನಿಲ್ಲುತ್ತದೆ. ಕಡು ಬಣ್ಣ ಸಂಜೆಗತ್ತಲಲ್ಲಿ ಕರಗಿ ಹೋಗುತ್ತದೆ, ಫೋಟೊಗ್ರಾಫರನ್ನು ಕೇಳಿದರೆ ಅವನೂ ಇದನ್ನೇ ಹೇಳುತ್ತಾನೆ. ಸ್ವಲ್ಪ ಮೆರುಗು ಬೇಕೆನ್ನುವವರು ಗುಳೇದಗುಡ್ಡದ ಖಣದಲ್ಲಿ ವೇಸ್ಟ್‌ಕೋಟ್ ಹೊಲಿಸಿಕೊಳ್ಳಿ. ಕುಪ್ಪಸಕ್ಕೆಂದು ನೇಯುವ ಅಗಲ ಕಡಿಮೆಯ ಬಟ್ಟೆ ಅದು, ವೇಸ್ಟ್‌ಕೋಟಿಗೆ ಹೇಳಿ ಮಾಡಿಸಿದ ಹಾಗಿದೆ. ಭೌಗೋಳಿಕ ಸೂಚಿಕೆ ಸಿಕ್ಕಿದ ನಮ್ಮ ನಾಡಿನ ನೇಯ್ಗೆ. ಚಾಳಿನ ಕೆಳಗಿನ ಟೈಲರೇ ಎರಡು ದಿನದಲ್ಲಿ ಹೊಲಿದು ಕೊಡುತ್ತಾನೆ, ಬ್ರೊಕೇಡ್ ಅಂಗಡಿಯ ಅಳತೆ ಅಪಾಯಿಂಟ್‌ಮೆಂಟಿನ ಗೋಜಿಲ್ಲ. ತಲೆಗೆ ಮೈಸೂರು ಪೇಟ. ಮಾಹಿಮಿನಲ್ಲಿ ಕರ್ನಾಟಕ ಸಂಘ ಯಾರ ಹೆಸರಿನ ಸ್ಮಾರಕ ಮಂದಿರ ಕಟ್ಟಿದೆಯೋ ಆ ವಿಶ್ವೇಶ್ವರಯ್ಯನವರ ತಲೆಯಲ್ಲಿ ಅದು ಎಷ್ಟು ಹಗುರವಾಗಿ ಕೂತಿರುತ್ತಿತ್ತು ನೋಡಿ.

ಪಂಚೆ ಜಾರುತ್ತದೆ ಎಂಬ ಹೆದರಿಕೆ ಈಗಿನ ಹುಡುಗರಿಗೆ ದೊಡ್ಡದು. ಒಂದು ವಾರ ಮೊದಲಿನಿಂದ ಸಂಜೆ ಮನೆಯಲ್ಲಿ ಉಟ್ಟು ಓಡಾಡಲಿ, ಮೆಟ್ಟಿಲು ಹತ್ತಿ ಇಳಿಯಲಿ, ನೆಲಕ್ಕೆ ಕೂತು ಏಳಲಿ. ಹೊಸ ಪಂಚೆಯನ್ನು ಒಂದು ಸಲ ನೀರಿಗೆ ಹಾಕಿ ಗಂಜಿ ತೆಗೆದರೆ ಸೊಂಟದಲ್ಲಿ ಹಿಡಿಯುತ್ತದೆ. ಅಷ್ಟಕ್ಕೂ ಧೈರ್ಯ ಸಾಲದಿದ್ದರೆ ಒಳಗೊಂದು ಬೆಲ್ಟ್ ಇರಲಿ, ಅಪ್ಪನಿಗೆ ಹೇಳಬೇಕಿಲ್ಲ. ರಿಸೆಪ್ಶನ್ನಿಗೆ ಸೂಟೇ ಆಗಬೇಕೆಂದು ಹಟ ಮಾಡುವವನು ಲಿನನ್ನಿನ ಬಂದ್‌ಗಲಾ ಹೊಲಿಸಲಿ, ಪೂರ್ತಿ ಲೈನಿಂಗ್ ಬೇಡ ಎಂದು ಟೈಲರಿಗೆ ಒತ್ತಿ ಹೇಳಲಿ. ನಾಳೆ ಆಫೀಸಿನ ಸಮಾರಂಭಕ್ಕೂ ಆಗುತ್ತದೆ. ವರನ ಬಟ್ಟೆಯ ಬೆಲೆ ಕಟ್ಟಬೇಕಾದ್ದು ಆಮೇಲೆ ಎಷ್ಟು ಸಲ ಉಡುತ್ತಾನೆ ಎಂಬುದರ ಮೇಲೆ. ಗಣಪತಿ ಹಬ್ಬಕ್ಕೆ, ಸತ್ಯನಾರಾಯಣ ಪೂಜೆಗೆ, ಇನ್ನೊಬ್ಬರ ಮದುವೆಗೆ ಪಂಚೆ ಬರುತ್ತಲೇ ಇರುತ್ತದೆ.

ಇನ್ನೊಂದು ಹೊಸ ಹುಚ್ಚು ಹಿಡಿದಿದೆ. ವರನ ನಲವತ್ತು ಅಣ್ಣತಮ್ಮಂದಿರಿಗೆ ಒಂದೇ ಬಣ್ಣದ ಕುರ್ತಾ, ಒಂದೇ ಜಾಕೆಟ್ ಹೊಲಿಸುವುದು. ಅದರ ಬಿಲ್ಲು ಮದುಮಗಳ ಸೀರೆಯನ್ನೂ ಮೀರುತ್ತದೆ. ಪಾರ್ಸಿಯವರನ್ನು ಇಲ್ಲಿ ಮತ್ತೆ ನೆನೆಯಬೇಕು. ಅವರ ಲಗ್ನದಲ್ಲಿ ವರನೂ ಬಿಳಿ ಹತ್ತಿಯ ಡಗ್ಲಿಯಲ್ಲಿ, ಅಪ್ಪನೂ ಡಗ್ಲಿಯಲ್ಲಿ, ಅಜ್ಜನೂ ಡಗ್ಲಿಯಲ್ಲಿ. ಗುಂಡಿಯ ಬದಲು ಕಸೆ ಕಟ್ಟುವ ಆ ಅಂಗಿಯನ್ನು ಇಸ್ತ್ರಿ ಮಾಡಿ ಕಪಾಟಿನಲ್ಲಿಟ್ಟಿರುತ್ತಾರೆ, ಯಾರದ್ದೇ ಲಗ್ನವಾಗಲಿ ಅದೇ. ನಮ್ಮ ಕೊಡಗಿನವರ ಕುಪ್ಯವೂ ಹಾಗೆಯೇ. ಉಳಿದವರದು ಕಪ್ಪು, ಮದುಮಗನದು ಬಿಳಿ, ಸೊಂಟಕ್ಕೆ ಕೆಂಪು ಚೇಲೆ, ಮುಗಿಯಿತು. ನಮ್ಮ ಎಲ್ಲರ ಮನೆಯಲ್ಲೂ ಒಂದು ಬಿಳಿ ಪಂಚೆ ಇದ್ದೇ ಇದೆ. 'ಗಂಡಸರು ದಯವಿಟ್ಟು ಬಿಳಿ ಪಂಚೆಯಲ್ಲಿ ಬನ್ನಿ' ಎಂದು ಕಾಗದದ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿ. ಖರ್ಚಿಲ್ಲದೆ ಇಡೀ ಬಯಲು ಒಂದೇ ಸೊಗಸಿಗೆ ಬರುತ್ತದೆ, ಹೆಂಗಸರ ಸೀರೆಯ ಬಣ್ಣಗಳೂ ಅದರ ನಡುವೆ ಅರಳಿ ಕಾಣುತ್ತವೆ.

ಸದ್ದಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಮೊದಲೇ ಲಿಖಿತ ಅನುಮತಿ ಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅದು ಮೌನ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಪೊಲೀಸರು ಬಂದು ನಿಲ್ಲಿಸುವವರೆಗೆ ಬಾರಿಸುವುದು ಮರ್ಯಾದೆಯಲ್ಲ. ನೆರೆಮನೆಯಲ್ಲಿ ಬೋರ್ಡ್ ಪರೀಕ್ಷೆಗೆ ಓದುವ ಹುಡುಗಿ ಇರುತ್ತಾಳೆ, ಕಾಯಿಲೆಯ ಅಜ್ಜ ಇರುತ್ತಾನೆ. ಕದ್ರಿ ಗೋಪಾಲನಾಥರ ನಾಡಿನವರು ನಾವು. ಒಂದು ಸ್ಯಾಕ್ಸೊಫೋನ್, ಒಂದು ಡೋಲು ಇದ್ದರೆ ಇನ್ನೂರೈವತ್ತು ಜನರ ಮದುವೆಗೆ ಮೈಕೇ ಬೇಡ.

ಕಸದ ಮಾತು ಆಡದೆ ಈ ಮನವಿ ಮುಗಿಸಲಾಗದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮದಲ್ಲೇ ಬರೆದಿತ್ತು: ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭ ಮಾಡುವವರು ಕೆಲಸದ ಮೂರು ದಿನ ಮೊದಲೇ ಪಾಲಿಕೆಗೆ ತಿಳಿಸಬೇಕು, ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಬೇಕು. ವಾರ್ಡ್ ಕಚೇರಿಗೆ ಒಂದು ಪತ್ರ ಬರೆದರೆ ಆಯಿತು. ಬಾಳೆಲೆ, ಹೂವು, ಸಿರಿ ಎಲ್ಲವೂ ಕೊಳೆಯುವ ವಸ್ತು, ಅರ್ಧ ಲೀಟರಿನ ನೀರಿನ ಬಾಟಲಿ ಮಾತ್ರ ಕೊಳೆಯದು. ಸ್ಟೀಲಿನ ಲೋಟ ಇಡಿ, ತಾಮ್ರದ ಕೊಡದಲ್ಲಿ ನೀರಿಡಿ. ದೇವನಾರಿನ ಕಸದ ಬೆಟ್ಟದ ಬುಡದಲ್ಲಿ ವಾಸವಿರುವವರೂ ನಮ್ಮ ಶಹರದವರೇ.

ನಮ್ಮ ಸಂಘಗಳ ಹಿರಿಯರಲ್ಲಿ ಒಂದು ಬೇರೆಯೇ ಕೋರಿಕೆಯಿದೆ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್, 1933ರ ಕರ್ನಾಟಕ ಸಂಘ, ಹೀಗೆ ಹೆಸರಿಸುತ್ತಾ ಹೋಗಬಹುದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಬೆವರೂ ಇಂಥ ಸಂಸ್ಥೆಗಳಲ್ಲಿದೆ. ಇವತ್ತು ಹೋಟೆಲಿನ ಮಾಲಿಕರ ಮನೆಯ ಮದುವೆಗೆ ನಮ್ಮ ಹಾಲುಗಳು ಸುಲಭ, ಅದೇ ಹೋಟೆಲಿನ ಮ್ಯಾನೇಜರನ ಮಗಳ ಮದುವೆಗೆ ಕಷ್ಟ. ಕಟ್ಟಡದ ಮುಂದಿನ ಅಂಗಳವೋ ಟೆರೇಸೋ ಇರುವ ಕಡೆ, ವಾರದ ಸಂಜೆಗಳಲ್ಲಿ, 250 ಜನರ ಮಿತಿಯ ಸರಳ ಬಯಲು ಮದುವೆಗೆ ಅದನ್ನು ಕಡಿಮೆ ದರದಲ್ಲಿ ಕೊಡಲಾಗದೇ? ಡಿಪಾಸಿಟ್ ತಗ್ಗಿಸಲಾಗದೇ?

ಅದಕ್ಕಿಂತಲೂ ಮುಖ್ಯವಾದದ್ದು ಒಂದು ಉಗ್ರಾಣ. ಊರಿನಲ್ಲಿ ದೇವಸ್ಥಾನದ ಕೊಪ್ಪರಿಗೆ, ಗುತ್ತಿನ ಮನೆಯ ಚೆಂಬು ತಪ್ಪಲೆ ಊರವರ ಮದುವೆಗೆಲ್ಲ ಹೋಗಿ ಬರುತ್ತಿದ್ದವು. ತಂದವರು ಬೂದಿ ಹುಣಸೆ ಹಾಕಿ ತಿಕ್ಕಿ ಹಿಂದಕ್ಕೆ ಕೊಡುತ್ತಿದ್ದರು. ಸಂಘಗಳು ಅಂಥದೊಂದು ಮದುವೆಯ ಉಗ್ರಾಣ ಮಾಡಲಿ. ಬಿಚ್ಚಿ ಜೋಡಿಸುವ ಮರದ ಕಂಬದ ಒಂದು ಮಂಟಪ, ನಾಲ್ಕು ಕಾಲುದೀಪ, ಸರ ಬಲ್ಬುಗಳು, ಮುನ್ನೂರು ಸ್ಟೀಲಿನ ಲೋಟ, ನಾಲ್ಕು ತಾಮ್ರದ ಕೊಡ, ಬೇರೆ ಬೇರೆ ಅಳತೆಯ ಆರೇಳು ಮೈಸೂರು ಪೇಟ, ಒಳ್ಳೆ ಅಂಚಿನ ಶಲ್ಯಗಳು. ಸದಸ್ಯರು ಹೆಸರು ಬರೆಸಿ ಒಯ್ಯಲಿ, ತೊಳೆದು ಒಗೆದು ಮರಳಿಸಲಿ. ಒಂದು ಅದ್ದೂರಿ ಮದುವೆಯ ಸ್ಟೇಜಿಗೆ ಹಾಕುವ ದುಡ್ಡಿನಲ್ಲಿ ಇಷ್ಟೂ ಬರುತ್ತದೆ, ವರ್ಷವರ್ಷ ಹತ್ತಾರು ಮನೆಗಳಿಗೆ ಆಗುತ್ತದೆ. ಮಗನ ಮದುವೆಯ ಸಂತೋಷಕ್ಕೆ ಸಂಘಕ್ಕೆ ದೇಣಿಗೆ ಕೊಡುವವರು ಗೋಡೆಯ ಮೇಲಿನ ಅಮೃತಶಿಲೆಯ ಬದಲು ಒಂದು ಕಾಲುದೀಪದ ಬುಡದಲ್ಲಿ ಹೆಸರು ಕೆತ್ತಿಸಿದರೆ ಅದು ಪ್ರತಿ ಮದುವೆಯಲ್ಲೂ ಉರಿಯುತ್ತದೆ.

ಮದುವೆಗೆ ಹೋಗುವ ನಮ್ಮೆಲ್ಲರಲ್ಲೂ ಒಂದು ಬೇಡಿಕೆ. ಊಟ ಮಾಡಿ ಬಂದು ರೈಲಿನಲ್ಲಿ ಕೂತು, 'ಐಸ್‌ಕ್ರೀಮ್ ಒಂದೇ ಬಗೆ', 'ಜನವೇ ಇರಲಿಲ್ಲ', 'ಹುಡುಗ ಬರೀ ಪಂಚೆಯಲ್ಲಿ ಇದ್ದ' ಎಂದು ಹೇಳುವ ಅಭ್ಯಾಸವನ್ನು ಬಿಡಬೇಕು. ಸಾಲ ಮಾಡಿ ಸ್ಟೇಜ್ ಕಟ್ಟಿಸುವ ಅಪ್ಪ ಹೆದರುವುದು ಈ ಮಾತಿಗೇ. ಕಾಗದ ಬರದಿದ್ದರೆ ಮುನಿಸಿಕೊಳ್ಳಬೇಡಿ. ಮದುವೆ ಮುಗಿದ ಮೇಲೆ ಒಂದು ದಿನ ಹೊಸ ಜೋಡಿಯನ್ನು ಮನೆಗೆ ಚಹಾಕ್ಕೆ ಕರೆಯಿರಿ, ಕಾಗದ ಬಂದವರಿಗಿಂತ ಹೆಚ್ಚು ಹೊತ್ತು ಅವರೊಡನೆ ಮಾತಾಡಲು ಸಿಗುತ್ತದೆ.

ಸಂಘಗಳ ವಾರ್ಷಿಕ ಮಹಾಸಭೆಗೆ ಹೋಗುವವರು 'ಇತರ ವಿಷಯಗಳು' ಬರುವ ಹೊತ್ತಿಗೆ ಊಟಕ್ಕೆ ಎದ್ದುಬಿಡಬೇಡಿ. ಕೈ ಎತ್ತಿ ಟೆರೇಸಿನ ದರ ಕೇಳಿ, ಉಗ್ರಾಣಕ್ಕೆ ಒಂದು ಕೋಣೆ ಕೇಳಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.